ಹಳೆಯ ಕಂಪ್ಯೂಟರಿಗೆ ಬೇರೆ ಪ್ರೊಸೆಸರ್: ಮದರ್‌ಬೋರ್ಡ್ ಒಪ್ಪುವುದೆಷ್ಟು, ನಮಗೆ ದಕ್ಕುವುದೆಷ್ಟು

2011ರಿಂದ 2013ರವರೆಗೆ ನಮ್ಮ ಊರುಗಳ ಅಂಗಡಿಗಳಲ್ಲಿ ಜೋಡಿಸಿಕೊಟ್ಟ ಡೆಸ್ಕ್‌ಟಾಪ್ ಕಂಪ್ಯೂಟರುಗಳನ್ನು ಬಿಚ್ಚಿ ನೋಡಿದರೆ ಒಳಗೆ ಹೆಚ್ಚು ಕಡಿಮೆ ಒಂದೇ ಬಗೆಯ ಸಾಮಾನು ಸಿಗುತ್ತದೆ: ಇಂಟೆಲ್‌ನ ಎಚ್61 ಚಿಪ್‌ಸೆಟ್ (ಪ್ರೊಸೆಸರಿಗೂ ಉಳಿದ ಭಾಗಗಳಿಗೂ ಸಂಪರ್ಕ ಕಲ್ಪಿಸುವ ಚಿಪ್) ಇರುವ ಮದರ್‌ಬೋರ್ಡ್, ಅದರ ಮೇಲೊಂದು ಐ3-2100 ಅಥವಾ ಐ3-2120 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಝೆರಾಕ್ಸ್ ಅಂಗಡಿಗಳಲ್ಲಿ, ಲೆಕ್ಕಪತ್ರ ಬರೆಯುವವರ ಕಚೇರಿಗಳಲ್ಲಿ, ಶಾಲೆಗಳ ಲ್ಯಾಬುಗಳಲ್ಲಿ ಈ ಯಂತ್ರಗಳು ಇನ್ನೂ ದುಡಿಯುತ್ತಿವೆ. ಅವು ನಿಧಾನವಾದಾಗ, ಅದರಲ್ಲೂ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿದ ಮೇಲೆ, ಮಾಲೀಕರ ಮನಸ್ಸಿಗೆ ಮೊದಲು ಬರುವ ಪ್ರಶ್ನೆ ‘ಪ್ರೊಸೆಸರ್ ಒಂದನ್ನು ಬದಲಾಯಿಸಿದರೆ ಸಾಕೇ’ ಎಂಬುದು.

ಈ ಪ್ರಶ್ನೆಗೆ ಉತ್ತರ ಕೊಡುವುದು ಪ್ರೊಸೆಸರ್ ಅಲ್ಲ, ಮದರ್‌ಬೋರ್ಡ್. ಯಾವ ಪ್ರೊಸೆಸರ್ ಕೂರುತ್ತದೆ, ಕೂತದ್ದು ಚಾಲೂ ಆಗುತ್ತದೆಯೇ, ಚಾಲೂ ಆದದ್ದು ಪೂರ್ಣ ವೇಗದಲ್ಲಿ ಓಡುತ್ತದೆಯೇ ಎಂಬ ಮೂರನ್ನೂ ಅದೇ ತೀರ್ಮಾನಿಸುತ್ತದೆ. ಆದರೆ ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಯಂತ್ರ ನಿಧಾನವಾಗಿರುವುದು ನಿಜಕ್ಕೂ ಪ್ರೊಸೆಸರಿನಿಂದಲೇ?

ನಿಧಾನಕ್ಕೆ ಕಾರಣ ಯಾರು

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರ ಪರ್ಫಾರ್ಮೆನ್ಸ್ ಪುಟವನ್ನು ತೆರೆದಿಟ್ಟು, ದಿನವೂ ಮಾಡುವ ಕೆಲಸವನ್ನು ಮಾಮೂಲಿನಂತೆ ಮಾಡಬೇಕು. ಕಂಪ್ಯೂಟರ್ ತಡವರಿಸುವ ಆ ಕ್ಷಣದಲ್ಲಿ ಡಿಸ್ಕ್ ಎದುರು ಶೇಕಡಾ 100 ಎಂದಿದ್ದು ಸಿಪಿಯು ಎದುರು ಶೇಕಡಾ 15 ಎಂದಿದ್ದರೆ, ಪ್ರೊಸೆಸರ್ ಸುಮ್ಮನೆ ಕಾಯುತ್ತ ಕೂತಿದೆ ಎಂದೇ ಅರ್ಥ. ಅಲ್ಲಿಗೆ ಎಷ್ಟೇ ವೇಗದ ಪ್ರೊಸೆಸರ್ ತಂದು ಕೂರಿಸಿದರೂ ಅದು ಇನ್ನೂ ವೇಗವಾಗಿ ಕಾಯುತ್ತದೆ, ಅಷ್ಟೇ.

ಕಾಯುವ ಹೊತ್ತು ಎಷ್ಟೆಂದು ಲೆಕ್ಕ ಹಾಕಿ ನೋಡಬಹುದು. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕಿಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಬೇಕು. ಬೇಕಾದ ದತ್ತಾಂಶ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ತಲೆ ಸರಿಯಾದ ಜಾಡಿಗೆ ಸರಿಯಲು ಇನ್ನೊಂದಿಷ್ಟು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲದ್ದರಿಂದ ಅದೇ ಕೆಲಸ ಮಿಲಿಸೆಕೆಂಡಿನ ಸಣ್ಣ ಅಂಶದಲ್ಲಿ ಮುಗಿಯುತ್ತದೆ. ಕಂಪ್ಯೂಟರ್ ಚಾಲೂ ಆಗುವಾಗ ಸಾವಿರಾರು ಸಣ್ಣ ಕಡತಗಳನ್ನು ಓದಬೇಕಾಗುವುದರಿಂದ ಈ ವ್ಯತ್ಯಾಸ ಗುಣಿಸುತ್ತ ಹೋಗಿ ನಿಮಿಷಗಳಷ್ಟಾಗುತ್ತದೆ. ಎಚ್61 ಬೋರ್ಡಿನಲ್ಲಿ ಡಿಸ್ಕ್ ಸೇರುವ ಸಾಟಾ ಜೋಡಣೆ ಹಳೆಯ 3 ಗಿಗಾಬಿಟ್ ವೇಗದ್ದು, ಹಾಗಾಗಿ ಹೊಸ ಎಸ್‌ಎಸ್‌ಡಿ ಅದರಲ್ಲಿ ವ್ಯರ್ಥ ಎಂದು ಹೇಳುವವರಿದ್ದಾರೆ. ದೊಡ್ಡ ಕಡತವನ್ನು ನಕಲು ಮಾಡುವಾಗ ಆ ಮಿತಿ ನಿಜ. ಸಣ್ಣ ಸಣ್ಣ ಓದುಗಳಲ್ಲಿ ಅದು ಅಡ್ಡ ಬರುವುದೇ ಇಲ್ಲ. ಇಂಥ ಯಂತ್ರಕ್ಕೆ ಎಸ್‌ಎಸ್‌ಡಿ ಇನ್ನೂ ಹಾಕಿಲ್ಲವೆಂದರೆ ಪ್ರೊಸೆಸರಿನ ಮಾತನ್ನು ಸದ್ಯಕ್ಕೆ ಬದಿಗಿಡುವುದೇ ಸರಿಯೆಂದು ನಾನು ಖಚಿತವಾಗಿ ಹೇಳುತ್ತೇನೆ. ರ‍್ಯಾಮ್ 4 ಜಿಬಿ ಮಾತ್ರ ಇದ್ದರೆ ಅದನ್ನು 8ಕ್ಕೆ ಏರಿಸುವುದು ಎರಡನೆಯ ಕೆಲಸ. ಎರಡು ಸಮಾನ ಪಟ್ಟಿಗಳಾಗಿ ಹಾಕಿದರೆ ಮೆಮೊರಿಯ ಎರಡೂ ಚಾನೆಲ್‌ಗಳು ಬಳಕೆಗೆ ಬರುತ್ತವೆ.

ಇವೆರಡೂ ಆದ ಮೇಲೆಯೂ ಯಂತ್ರ ತಡವರಿಸುತ್ತಿದ್ದರೆ, ಸಿಪಿಯು ರೇಖಾಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರತಿ ಲಾಜಿಕಲ್ ಪ್ರೊಸೆಸರಿಗೂ ಪ್ರತ್ಯೇಕ ಚಿತ್ರ ಕಾಣುವಂತೆ ಮಾಡಿಕೊಳ್ಳಬೇಕು. ನಾಲ್ಕು ಥ್ರೆಡ್‌ಗಳ (ಒಂದೇ ಹೊತ್ತಿಗೆ ನಡೆಸಬಲ್ಲ ಕೆಲಸದ ಸಾಲುಗಳ) ಯಂತ್ರದಲ್ಲಿ ಒಟ್ಟು ಬಳಕೆ ಶೇಕಡಾ 25ರ ಆಸುಪಾಸಿನಲ್ಲೇ ನಿಂತುಬಿಟ್ಟಿದೆ ಎಂದರೆ ಪ್ರೊಸೆಸರ್ ಬಿಡುವಾಗಿದೆ ಎಂದು ತಿಳಿಯಬಾರದು; ಬಹುಶಃ ಒಂದೇ ಥ್ರೆಡ್ ತನ್ನ ಶಕ್ತಿ ಮೀರಿ ದುಡಿಯುತ್ತಿದ್ದು ಉಳಿದ ಮೂರಕ್ಕೆ ಕೆಲಸ ಸಿಕ್ಕಿಲ್ಲ. ನಾಲ್ಕೂ ತುಂಬಿಕೊಂಡಿದ್ದರೆ ಕಥೆ ಬೇರೆ. ಯಾವ ಪ್ರೊಸೆಸರ್ ಕೊಳ್ಳಬೇಕೆಂಬುದು ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಅದೇ ಸಾಕೆಟ್‌ನಲ್ಲಿ ಸಿಗುವ ಲಾಭ

ಐ3-2120 ಎಂಬುದು 3.3 ಗಿಗಾಹರ್ಟ್ಸ್‌ನ, ಎರಡು ಕೋರ್ (ಲೆಕ್ಕ ಮಾಡುವ ಘಟಕ) ಮತ್ತು ನಾಲ್ಕು ಥ್ರೆಡ್‌ಗಳ, 3 ಎಂಬಿ ಕ್ಯಾಶ್ (ಪ್ರೊಸೆಸರಿನೊಳಗಿನ ಪುಟ್ಟ ಮೆಮೊರಿ) ಇರುವ ಪ್ರೊಸೆಸರ್. ಅದೇ ಸಾಕೆಟ್‌ನಲ್ಲಿ, ಅಂದರೆ ಬೋರ್ಡಿನ ಮೇಲೆ ಪ್ರೊಸೆಸರಿಗೆಂದು ಇರುವ ಎಲ್‌ಜಿಎ 1155 ಎಂಬ ಗೂಡಿನಲ್ಲಿ, ಕೂರುವ ಐ5-3470ಕ್ಕೆ ನಾಲ್ಕು ನಿಜವಾದ ಕೋರ್‌ಗಳಿವೆ, 6 ಎಂಬಿ ಕ್ಯಾಶ್ ಇದೆ, ಟರ್ಬೊ ವೇಗ, ಅಂದರೆ ಕೆಲಸ ಹೆಚ್ಚಿದಾಗ ತಾನಾಗಿ ಏರುವ ಗರಿಷ್ಠ ವೇಗ, 3.6 ಗಿಗಾಹರ್ಟ್ಸ್. ಆ ಸಾಕೆಟ್‌ನ ತುತ್ತತುದಿಯಲ್ಲಿರುವ ಪ್ರೊಸೆಸರುಗಳಲ್ಲಿ ಒಂದಾದ ಐ7-3770ಕ್ಕೆ ನಾಲ್ಕು ಕೋರ್, ಎಂಟು ಥ್ರೆಡ್, 8 ಎಂಬಿ ಕ್ಯಾಶ್, 3.9 ಗಿಗಾಹರ್ಟ್ಸ್ ಟರ್ಬೊ.

ಈಗ ಐ3-2120ರಿಂದ ಐ7-3770ಕ್ಕೆ ಹಾರಿದವರಿಗೆ ಏನು ದಕ್ಕುತ್ತದೆ ಎಂದು ನೋಡೋಣ. ಒಂದೇ ಥ್ರೆಡ್‌ನಲ್ಲಿ ನಡೆಯುವ ಕೆಲಸಕ್ಕೆ ವೇಗ 3.3ರಿಂದ 3.9ಕ್ಕೆ ಏರಿತು, ಅಂದರೆ ಸುಮಾರು ಶೇಕಡಾ 18. ಎರಡನೆಯ ಪೀಳಿಗೆಯಿಂದ (ಹೆಸರಿನ ಅಂಕಿ 2ರಿಂದ ಶುರುವಾಗುವುದು) ಮೂರನೆಯ ಪೀಳಿಗೆಗೆ (3ರಿಂದ ಶುರುವಾಗುವುದು) ಒಳವಿನ್ಯಾಸದಲ್ಲಿ ಆದ ಸುಧಾರಣೆ ಅದಕ್ಕೆ ಇನ್ನಷ್ಟು ಕೂಡಿಸುತ್ತದೆ, ಆದರೆ ಅದು ಸಣ್ಣದು. ಎಲ್ಲ ಕೋರ್‌ಗಳನ್ನೂ ಬಳಸುವ ಕೆಲಸಕ್ಕಾದರೋ ಕೋರ್‌ಗಳೇ ಇಮ್ಮಡಿಯಾದವು. ವಿಡಿಯೊ ಎಡಿಟ್ ಮಾಡಿ ಹೊರತೆಗೆಯಲು, ದೊಡ್ಡ ಕಡತಗಳನ್ನು ಕುಗ್ಗಿಸಲು, ನೂರಾರು ಫೋಟೊಗಳನ್ನು ಒಟ್ಟಿಗೆ ಸಂಸ್ಕರಿಸಲು ಬೇಕಾಗುವ ಸಮಯ ಅರ್ಧಕ್ಕಿಂತಲೂ ಕೆಳಗಿಳಿಯಬಹುದು. ನಾಲ್ಕು ಒಲೆ ಹೊತ್ತಿಸಿದರೆ ನಾಲ್ಕು ಬಗೆಯ ಅಡುಗೆ ಬೇಗ ಮುಗಿಯುತ್ತದೆಯೇ ಹೊರತು ಒಂದೇ ಪಾತ್ರೆಯ ಅನ್ನ ಬೇಗ ಬೇಯುವುದಿಲ್ಲ. ನುಡಿಯಲ್ಲಿ ಪತ್ರ ಟೈಪ್ ಮಾಡುವವರಿಗೆ, ಟ್ಯಾಲಿಯಲ್ಲಿ ಸಣ್ಣ ಅಂಗಡಿಯ ಲೆಕ್ಕ ಬರೆಯುವವರಿಗೆ ಆ ಐ7 ಹೆಚ್ಚೇನೂ ಮಾಡದು. ಬ್ರೌಸರಿನಲ್ಲಿ ಇಪ್ಪತ್ತು ಪುಟ ತೆರೆದಿಟ್ಟು ಜೊತೆಗೆ ವಿಡಿಯೊ ಕರೆಯಲ್ಲಿ ಮಾತನಾಡುವವರಿಗೆ ಎರಡು ಕೋರ್‌ನಿಂದ ನಾಲ್ಕಕ್ಕೆ ಹೋದದ್ದು ಚೆನ್ನಾಗಿಯೇ ಅನುಭವಕ್ಕೆ ಬರುತ್ತದೆ. ಅವರಿಗೆ ಐ7 ಬೇಕಿಲ್ಲ, ಐ5-3470 ಸಾಕು.

ವೇಗದ ಅಂಕಿಗಳಲ್ಲಿ ಕಾಣದ ಇನ್ನೊಂದು ಸಂಗತಿಯೂ ಇದೆ. ಪ್ರೊಸೆಸರಿಗೆ ಅರ್ಥವಾಗುವ ಆದೇಶಗಳ ಗುಚ್ಛ ಪೀಳಿಗೆಯಿಂದ ಪೀಳಿಗೆಗೆ ಬೆಳೆಯುತ್ತ ಬಂದಿದೆ. ಅದೇ ಕಾಲದ ಪೆಂಟಿಯಂ ಜಿ620, ಜಿ2020 ಮುಂತಾದವುಗಳಲ್ಲಿ ಎವಿಎಕ್ಸ್ ಎಂಬ ಗುಚ್ಛವನ್ನು ಇಂಟೆಲ್ ತೆರೆದಿರಲಿಲ್ಲ. ಐ3, ಐ5, ಐ7ಗಳಲ್ಲಿ ಅದಿದೆ. ದತ್ತಾಂಶವನ್ನು ಗೂಢಲಿಪಿಗೆ ತಿರುಗಿಸುವ ಎಇಎಸ್ ಆದೇಶಗಳು ಐ3-2120ರಲ್ಲಿ ಇಲ್ಲ, ಐ5-3470ರಲ್ಲಿ ಇವೆ. ಎವಿಎಕ್ಸ್ 2 ಬಂದದ್ದು 2013ರಲ್ಲಿ, ನಾಲ್ಕನೆಯ ಪೀಳಿಗೆಯ ಜೊತೆಗೆ. ಅದನ್ನೇ ಕಡ್ಡಾಯವಾಗಿ ಕೇಳುವ ತಂತ್ರಾಂಶ ನಿಮಗೆ ಬೇಕಿದ್ದರೆ ಈ ಸಾಕೆಟ್‌ನ ಯಾವ ಪ್ರೊಸೆಸರ್ ತಂದರೂ ಪ್ರಯೋಜನವಿಲ್ಲ. ವಿಂಡೋಸ್ 11ರ ಸಂಗತಿಯೂ ಅಂಥದ್ದೇ: ಮೈಕ್ರೋಸಾಫ್ಟ್ ಇಂಟೆಲ್‌ನಲ್ಲಿ ಅಧಿಕೃತವಾಗಿ ಒಪ್ಪುವುದು, ಬೆರಳೆಣಿಕೆಯ ಅಪವಾದಗಳನ್ನು ಬಿಟ್ಟರೆ, ಎಂಟನೆಯ ಪೀಳಿಗೆ ಮತ್ತು ಅದರ ನಂತರದವನ್ನು ಮಾತ್ರ. ಐ7-3770 ಹಾಕಿದ ಯಂತ್ರ ಆ ಬಾಗಿಲು ದಾಟುವುದಿಲ್ಲ. ಅದಕ್ಕೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಕೊಂಡು ಸುರಕ್ಷತಾ ಪರಿಷ್ಕರಣೆಗಳನ್ನು ಪಡೆಯುತ್ತ ಇರುವುದು ನನ್ನ ದೃಷ್ಟಿಯಲ್ಲಿ ಒಳ್ಳೆಯ ದಾರಿ.

ಸಾಕೆಟ್ ಹೊಂದಿದ ಮಾತ್ರಕ್ಕೆ ಎಲ್ಲವೂ ಹೊಂದಿದಂತಲ್ಲ

ಎಲ್‌ಜಿಎ 1155 ಎಂಬ ಹೆಸರಿನಲ್ಲಿರುವ ಅಂಕಿ ಆ ಸಾಕೆಟ್‌ನಲ್ಲಿರುವ ಸಂಪರ್ಕ ಪಿನ್ನುಗಳ ಸಂಖ್ಯೆ. 1156, 1155, 1150 ಎಂಬ ಮೂರು ಸಾಕೆಟ್‌ಗಳು ಮೂರ್ನಾಲ್ಕು ವರ್ಷಗಳ ಅಂತರದಲ್ಲಿ ಒಂದರ ಹಿಂದೊಂದು ಬಂದವು, ನೋಡಲು ಒಂದೇ ಅಳತೆಯವು, ಆದರೆ ಒಂದರ ಪ್ರೊಸೆಸರ್ ಇನ್ನೊಂದರಲ್ಲಿ ಕೂರುವುದಿಲ್ಲ. ಪಿನ್ನುಗಳ ಸಂಖ್ಯೆ ಸರಿಹೊಂದಿದರೂ ನಂಬುವಂತಿಲ್ಲ ಎಂಬುದಕ್ಕೆ ಎಲ್‌ಜಿಎ 1151 ಸಾಕ್ಷಿ. ಆರು ಮತ್ತು ಏಳನೆಯ ಪೀಳಿಗೆಯ ಪ್ರೊಸೆಸರುಗಳಿಗೆ 100 ಮತ್ತು 200 ಸರಣಿಯ ಚಿಪ್‌ಸೆಟ್ ಬೇಕು. ಎಂಟು ಮತ್ತು ಒಂಬತ್ತನೆಯ ಪೀಳಿಗೆಗೆ 300 ಸರಣಿಯದು ಬೇಕು. ಸಾಕೆಟ್‌ನ ಹೆಸರು ಒಂದೇ ಆದರೂ ಹೆಚ್ಚಿದ ಕೋರ್‌ಗಳಿಗೆ ವಿದ್ಯುತ್ ಒದಗಿಸಲೆಂದು ಪಿನ್ನುಗಳ ಕೆಲಸವನ್ನು ಮರುಹಂಚಿಕೆ ಮಾಡಲಾಗಿದೆ. ಎಂಟನೆಯ ಪೀಳಿಗೆಯ ಐ5-8400 ತಂದು 100 ಸರಣಿಯ ಎಚ್110 ಬೋರ್ಡಿನಲ್ಲಿ ಕೂರಿಸಿದರೆ ಅದು ಹಾಗೆಯೇ ಚಾಲೂ ಆಗುವುದಿಲ್ಲ.

1155ರೊಳಗೂ ಇಂಥದ್ದೊಂದು ಗೆರೆ ಇದೆ. ಎಚ್61 ಬೋರ್ಡುಗಳು 2011ರ ಎರಡನೆಯ ಪೀಳಿಗೆಗೆಂದು ಬಂದವು. 2012ರ ಮೂರನೆಯ ಪೀಳಿಗೆ ಅವುಗಳಲ್ಲಿ ಓಡಲು ಬಯೋಸ್ (ಬೋರ್ಡಿನ ಚಿಪ್ ಒಂದರಲ್ಲಿದ್ದು ಯಂತ್ರವನ್ನು ಚಾಲೂ ಮಾಡುವ ತಂತ್ರಾಂಶ) ಹೊಸದಾಗಿರಬೇಕು. ಆದರೆ ಕಚೇರಿಗಳಿಗೆಂದು ತಯಾರಾದ ಬಿ65, ಕ್ಯೂ65, ಕ್ಯೂ67 ಚಿಪ್‌ಸೆಟ್‌ಗಳಿಗೆ ಇಂಟೆಲ್ ಮೂರನೆಯ ಪೀಳಿಗೆಯ ಬೆಂಬಲ ಕೊಡಲಿಲ್ಲ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುವ ಡೆಲ್ ಆಪ್ಟಿಪ್ಲೆಕ್ಸ್ 790ರಲ್ಲಿರುವುದು ಕ್ಯೂ65. ಅದಕ್ಕೆ ಐ7-3770 ಅಲ್ಲ, ಹಿಂದಿನ ಪೀಳಿಗೆಯ ಐ7-2600 ಅಥವಾ ಐ5-2400 ತರಬೇಕು. ಅದರ ನಂತರ ಬಂದ ಆಪ್ಟಿಪ್ಲೆಕ್ಸ್ 7010ರಲ್ಲಿ ಕ್ಯೂ77 ಇರುವುದರಿಂದ ಅದು ಎರಡೂ ಪೀಳಿಗೆಯನ್ನು ಒಪ್ಪುತ್ತದೆ. ಹೊರಗಿನ ಕ್ಯಾಬಿನೆಟ್ ನೋಡಿ ಇದನ್ನು ಊಹಿಸಲು ಸಾಧ್ಯವೇ ಇಲ್ಲ.

ಹಾಗಾದರೆ ತಿಳಿಯುವುದು ಹೇಗೆ? ವಿಂಡೋಸ್‌ನ ಸಿಸ್ಟಂ ಇನ್‌ಫರ್ಮೇಶನ್ ತೆರೆದರೆ ಬೇಸ್‌ಬೋರ್ಡ್ ಎಂಬ ಸಾಲಿನಲ್ಲಿ ಬೋರ್ಡಿನ ಮಾದರಿ, ಬಯೋಸ್ ಎಂಬ ಸಾಲಿನಲ್ಲಿ ಅದರ ಆವೃತ್ತಿ ಮತ್ತು ದಿನಾಂಕ ಸಿಗುತ್ತವೆ. ಉಚಿತವಾಗಿ ಸಿಗುವ ಸಿಪಿಯು-ಝಡ್ ಕೂಡ ಇದನ್ನೇ ತೋರಿಸುತ್ತದೆ. ಆ ಮಾದರಿಯ ಹೆಸರನ್ನು ಹಿಡಿದು ತಯಾರಕರ ಜಾಲತಾಣಕ್ಕೆ ಹೋಗಿ ಸಿಪಿಯು ಸಪೋರ್ಟ್ ಪಟ್ಟಿಯನ್ನು ತೆರೆಯಬೇಕು. ಪ್ರತಿ ಪ್ರೊಸೆಸರಿನ ಎದುರು ಯಾವ ಬಯೋಸ್ ಆವೃತ್ತಿಯಿಂದ ಅದಕ್ಕೆ ಬೆಂಬಲ ಎಂಬುದು ಅಲ್ಲಿರುತ್ತದೆ. ಒಂದೇ ಹೆಸರಿನ ಬೋರ್ಡ್ ಎರಡು ಮೂರು ಪರಿಷ್ಕರಣೆಗಳಲ್ಲಿ ಬಂದಿರುವುದುಂಟು, ಹಾಗಾಗಿ ಬೋರ್ಡಿನ ಅಂಚಿನಲ್ಲಿ ಮುದ್ರಿಸಿರುವ ರಿವಿಜನ್ ಸಂಖ್ಯೆಯನ್ನೂ ಹೋಲಿಸಿಕೊಳ್ಳಬೇಕು. ಅಂಗಡಿಯವರ ಬಾಯಿಮಾತಿಗಿಂತ ಈ ಪಟ್ಟಿ ಎಂದಿಗೂ ಮೇಲು.

ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಇಷ್ಟೆಲ್ಲ ಲೆಕ್ಕಾಚಾರದ ಅವಕಾಶವಿಲ್ಲ. ಇಂಟೆಲ್‌ನ ನಾಲ್ಕನೆಯ ಪೀಳಿಗೆಯವರೆಗೆ ಕೆಲವು ಲ್ಯಾಪ್‌ಟಾಪುಗಳಲ್ಲಿ ಸಾಕೆಟ್ ಇತ್ತು. ಅಲ್ಲಿಂದಾಚೆಗೆ ಪ್ರೊಸೆಸರನ್ನು ಬೋರ್ಡಿಗೇ ಬೆಸೆದು ಕೊಡುವುದೇ ರೂಢಿಯಾಗಿದೆ.

ಎಎಂ4: ಬಯೋಸ್ ತೀರ್ಮಾನಿಸಿದ ಕಥೆ

ಬಯೋಸ್ ಎಷ್ಟು ಮುಖ್ಯ ಎಂಬುದು ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯ ಎಎಂ4 ಸಾಕೆಟ್‌ನ ಇತಿಹಾಸದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 2017ರ ಮಾರ್ಚ್‌ನಲ್ಲಿ ಮೊದಲ ರೈಜನ್ ಪ್ರೊಸೆಸರುಗಳು ಈ 1331 ಪಿನ್ನುಗಳ ಸಾಕೆಟ್‌ನಲ್ಲಿ ಬಂದವು. 2022ರಲ್ಲಿ ಬಂದ ರೈಜನ್ 5 5600 ಮತ್ತು ರೈಜನ್ 7 5800ಎಕ್ಸ್3ಡಿ ಕೂಡ ಅದೇ ಸಾಕೆಟ್‌ನವು. ಐದು ವರ್ಷಗಳ ಅಂತರದ ಪ್ರೊಸೆಸರ್ ಹಳೆಯ ಬೋರ್ಡಿನಲ್ಲಿ ಕೂರುತ್ತದೆ ಎಂಬುದು ಗ್ರಾಹಕನ ಪಾಲಿಗೆ ದೊಡ್ಡ ಅನುಕೂಲ. ಆದರೆ ಪ್ರತಿ ಹೊಸ ಪೀಳಿಗೆಗೂ ಅದನ್ನು ಗುರುತಿಸಿ ಚಾಲೂ ಮಾಡುವ ಸಂಕೇತಗಳು ಬಯೋಸ್‌ನಲ್ಲಿ ಇರಬೇಕು, ಆ ಬಯೋಸ್ ಅನ್ನು ಇಟ್ಟುಕೊಳ್ಳುವ ಚಿಪ್ ಹಲವು ಬೋರ್ಡುಗಳಲ್ಲಿ 16 ಎಂಬಿ ಮಾತ್ರ. ಎಲ್ಲ ಪೀಳಿಗೆಯ ಸಂಕೇತಗಳೂ ಅದರಲ್ಲಿ ಹಿಡಿಸದಾದಾಗ ಕೆಲವು ತಯಾರಕರು ಬಯೋಸ್‌ನ ಚಿತ್ರಮಯ ಮುಖಪುಟವನ್ನು ಸರಳ ಮಾಡಿದರು, ಕೆಲವರು ತೀರ ಹಳೆಯ ಪ್ರೊಸೆಸರುಗಳ ಬೆಂಬಲವನ್ನೇ ಕೈಬಿಟ್ಟರು.

2020ರ ಮೇ ತಿಂಗಳಲ್ಲಿ ಎಎಂಡಿ, ಬರಲಿರುವ 5000 ಸರಣಿಗೆ ಬಿ450 ಮತ್ತು ಎಕ್ಸ್470 ಬೋರ್ಡುಗಳಲ್ಲಿ ಬೆಂಬಲ ಇರುವುದಿಲ್ಲವೆಂದು ಹೇಳಿತು. ಬಳಕೆದಾರರಿಂದ ತೀವ್ರ ಆಕ್ಷೇಪ ಬಂದ ಮೇಲೆ ಅದೇ ತಿಂಗಳಲ್ಲಿ ಆ ನಿರ್ಧಾರವನ್ನು ಹಿಂತೆಗೆದುಕೊಂಡಿತು. 2022ರಲ್ಲಿ ಎಎಂ4ರ ಇನ್ನೂ ಹಳೆಯ 300 ಸರಣಿಯ ಬೋರ್ಡುಗಳಿಗೂ ದಾರಿ ತೆರೆಯಿತು. ಬಳಕೆದಾರರು ಒಟ್ಟಾಗಿ ಕೇಳಿದ್ದರಿಂದ ಎಷ್ಟೋ ಬೋರ್ಡುಗಳು ಕಸಕ್ಕೆ ಸೇರದೆ ಉಳಿದವು. ತಂತ್ರಜ್ಞಾನದ ಅಡ್ಡಿ ಯಾವುದು, ವ್ಯಾಪಾರದ ಅಡ್ಡಿ ಯಾವುದು ಎಂದು ಗ್ರಾಹಕರು ಪ್ರಶ್ನಿಸುವುದು ನ್ಯಾಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ.

ಪ್ರೊಸೆಸರ್ ಬದಲಾವಣೆಯ ನಿಜವಾದ ಬೆಲೆ ತಿಳಿಯುವುದೂ ಈ ಸಾಕೆಟ್‌ನಲ್ಲೇ. ನಾಲ್ಕು ಕೋರ್, ನಾಲ್ಕು ಥ್ರೆಡ್‌ಗಳ ರೈಜನ್ 3 1200 ಇದ್ದ ಜಾಗದಲ್ಲಿ ಆರು ಕೋರ್, ಹನ್ನೆರಡು ಥ್ರೆಡ್, 32 ಎಂಬಿ ಕ್ಯಾಶ್ ಇರುವ 5600 ಕೂತರೆ ಎರಡಕ್ಕೂ ಬೇಕಾದ ವಿದ್ಯುತ್ತಿನ ಅಂದಾಜು 65 ವ್ಯಾಟೇ. ಟರ್ಬೊ ವೇಗ 3.4ರಿಂದ 4.4 ಗಿಗಾಹರ್ಟ್ಸ್‌ಗೆ ಏರುತ್ತದೆ, ಪ್ರತಿ ಗಡಿಯಾರ ಮಿಡಿತದಲ್ಲಿ ಮುಗಿಯುವ ಕೆಲಸವೂ ಹೆಚ್ಚುತ್ತದೆ. ಹಾಗಾಗಿ ಇಲ್ಲಿ ಒಂದೇ ಥ್ರೆಡ್‌ನ ಕೆಲಸವೂ ಕಣ್ಣಿಗೆ ಕಾಣುವಷ್ಟು ಚುರುಕಾಗುತ್ತದೆ. 1000 ಸರಣಿಯನ್ನು ಒಪ್ಪದ ವಿಂಡೋಸ್ 11 ಈ ಪ್ರೊಸೆಸರನ್ನು ಒಪ್ಪುತ್ತದೆ. ಹೆಸರಿನ ಅಂಕಿಯನ್ನು ಮಾತ್ರ ಕಣ್ಣು ಮುಚ್ಚಿ ನಂಬಬಾರದು: ರೈಜನ್ 3 2200ಜಿ ಹೆಸರಿನಲ್ಲಿ 2000 ಸರಣಿಯದಾದರೂ ಒಳಗಿನ ವಿನ್ಯಾಸ ಮೊದಲ ಪೀಳಿಗೆಯದು, ವಿಂಡೋಸ್ 11ರ ಪಟ್ಟಿಯಲ್ಲಿ ಅದಿಲ್ಲ.

ಆ ‘ಜಿ’ ಅಕ್ಷರದ ವಿಷಯದಲ್ಲೂ ಎಚ್ಚರ ಬೇಕು. ಎಎಂ4 ಸಾಕೆಟ್‌ನಲ್ಲಿ ಹೆಸರಿನ ಕೊನೆಗೆ ಜಿ ಇರುವ ರೈಜನ್‌ಗಳಲ್ಲಿ ಗ್ರಾಫಿಕ್ಸ್ ಭಾಗ ಒಳಗೇ ಇರುತ್ತದೆ, ಜಿ ಇಲ್ಲದವುಗಳಲ್ಲಿ ಇರುವುದಿಲ್ಲ. 2200ಜಿ ತೆಗೆದು 5600 ಹಾಕಿದವರು ಮಾನಿಟರಿನ ತಂತಿಯನ್ನು ಮದರ್‌ಬೋರ್ಡಿಗೇ ಸಿಕ್ಕಿಸಿದರೆ ಪರದೆ ಕಪ್ಪಾಗಿಯೇ ಇರುತ್ತದೆ; ಪ್ರೊಸೆಸರ್ ಕೆಟ್ಟಿದೆ ಎಂದು ಅಂಗಡಿಗೆ ಹಿಂದಿರುಗಿಸಲು ಹೊರಡುವವರೂ ಇದ್ದಾರೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದವರು 5600ಜಿ ಕಡೆಗೆ ನೋಡಬೇಕು. ಇಂಟೆಲ್‌ನಲ್ಲಿ ಇದೇ ತೊಡಕು ಅಗ್ಗಕ್ಕೆ ಸಿಗುವ ಝಿಯಾನ್ ಇ3-1230 ವಿ2ನಲ್ಲಿದೆ. ಐ7ಗೆ ಸಮೀಪದ ಶಕ್ತಿ, ನಾಲ್ಕು ಕೋರ್, ಎಂಟು ಥ್ರೆಡ್, ಆದರೆ ಗ್ರಾಫಿಕ್ಸ್ ಇಲ್ಲ.

ವಿದ್ಯುತ್ತು ಮತ್ತು ಬಿಸಿ

ಪ್ರೊಸೆಸರ್ ಸುತ್ತ ಬೋರ್ಡಿನ ಮೇಲೆ ಸಾಲಾಗಿ ಕಾಣುವ ಚೌಕಾಕಾರದ ಸುರುಳಿಗಳು ಮತ್ತು ಅವುಗಳ ಪಕ್ಕದ ಸಣ್ಣ ಚಿಪ್‌ಗಳು ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಬರುವ 12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದ ಒಂದು ವೋಲ್ಟಿನ ಆಸುಪಾಸಿಗೆ ಇಳಿಸುತ್ತವೆ. ಅಗ್ಗದ ಬೋರ್ಡುಗಳಲ್ಲಿ ಇವು ಕಡಿಮೆ ಇರುತ್ತವೆ, ಅವುಗಳ ಮೇಲೆ ಬಿಸಿ ಹೀರುವ ಲೋಹದ ತುಂಡೂ ಇರುವುದಿಲ್ಲ. ಅಂಥ ಎಚ್61 ಬೋರ್ಡಿಗೆ 95 ವ್ಯಾಟಿನ ಐ7-2600 ಹಾಕಿ ಗಂಟೆಗಟ್ಟಲೆ ವಿಡಿಯೊ ಕೆಲಸ ಮಾಡಿಸಿದರೆ ಆ ಚಿಪ್‌ಗಳು ಬಿಸಿಯೇರುತ್ತವೆ, ಬೋರ್ಡ್ ತನ್ನ ರಕ್ಷಣೆಗಾಗಿ ವೇಗ ತಗ್ಗಿಸಬಹುದು. 77 ವ್ಯಾಟಿನ ಮೂರನೆಯ ಪೀಳಿಗೆ ಇಲ್ಲಿ ವಾಸಿ. ಎಎಂ4ರ ಎ320 ಬೋರ್ಡಿನಲ್ಲಿ 105 ವ್ಯಾಟಿನ 5800ಎಕ್ಸ್3ಡಿ ಹಾಕುವ ಮುನ್ನವೂ ಇದೇ ಯೋಚನೆ ಮಾಡಬೇಕು.

ವ್ಯಾಟ್ ಕಡಿಮೆಯಾದರೆ ಬಿಸಿಯೂ ಕಡಿಮೆ ಎಂಬುದು ಯಾವಾಗಲೂ ನಿಜವಲ್ಲ. ಎರಡನೆಯ ಪೀಳಿಗೆಯಲ್ಲಿ ಇಂಟೆಲ್ ಚಿಪ್ಪಿಗೂ ಮೇಲಿನ ಲೋಹದ ಮುಚ್ಚಳಕ್ಕೂ ನಡುವೆ ಬೆಸುಗೆ ಹಾಕಿತ್ತು. ಮೂರನೆಯ ಪೀಳಿಗೆಯಲ್ಲಿ ಅದರ ಬದಲು ಬಿಸಿ ಸಾಗಿಸುವ ಪೇಸ್ಟ್ ಬಳಸಿತು. ಚಿಪ್ಪಿನ ಗಾತ್ರವೂ ಕಿರಿದಾದ್ದರಿಂದ ಬಿಸಿ ಹೊರಬರುವುದು ಕಷ್ಟವಾಯಿತು. ಐ3 ಜೊತೆಗೆ ಬಂದ ಅಲ್ಯೂಮಿನಿಯಂನ ತೆಳು ಹೀಟ್‌ಸಿಂಕನ್ನೇ ಐ7ಗೆ ಮುಂದುವರಿಸುವುದು, ಅದರಲ್ಲೂ ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ, ಸರಿಯಲ್ಲ. ನಡುವೆ ತಾಮ್ರದ ತಿರುಳಿರುವ ದಪ್ಪ ಹೀಟ್‌ಸಿಂಕ್ ಅನ್ನು ಇಂಟೆಲ್ ತಾನೇ ಹೆಚ್ಚು ವ್ಯಾಟಿನ ಪ್ರೊಸೆಸರುಗಳ ಜೊತೆ ಕೊಡುತ್ತಿತ್ತು. 1156, 1155, 1150, 1151 ನಾಲ್ಕಕ್ಕೂ ಹೀಟ್‌ಸಿಂಕ್ ಕೂರಿಸುವ ರಂಧ್ರಗಳ ಅಂತರ ಒಂದೇ ಆದ್ದರಿಂದ ಅದನ್ನು ಹುಡುಕುವುದು ಸುಲಭ.

ಕೊಳ್ಳುವಾಗ, ಕೂರಿಸುವಾಗ

ಇಷ್ಟು ಹಳೆಯ ಪ್ರೊಸೆಸರುಗಳು ಸೆಕೆಂಡ್ ಹ್ಯಾಂಡಿನಲ್ಲೇ ಸಿಗಬೇಕು. ಬೆಂಗಳೂರಿನಲ್ಲಾದರೆ ಎಸ್‌ಪಿ ರಸ್ತೆಯಲ್ಲಿ ಬಿಡಿಭಾಗಗಳ ಅಂಗಡಿಗಳ ಸಾಲೇ ಇದೆ. ಕಂಪ್ಯೂಟರಿನ ಭಾಗಗಳಲ್ಲಿ ಪ್ರೊಸೆಸರ್ ಕೆಡುವುದು ಅಪರೂಪ. ಅದಕ್ಕಿಂತ ಮೊದಲು ಬೋರ್ಡ್, ಎಸ್‌ಎಂಪಿಎಸ್ ಮತ್ತು ಡಿಸ್ಕ್ ಕೆಡುತ್ತವೆ. ಆದ್ದರಿಂದ ಹಳೆಯ ಪ್ರೊಸೆಸರ್ ಕೊಳ್ಳಲು ಹೆದರಬೇಕಿಲ್ಲ, ಆದರೆ ಹಳೆಯ ಮದರ್‌ಬೋರ್ಡ್ ಕೊಳ್ಳುವಾಗ ಎರಡು ಬಾರಿ ಯೋಚಿಸಬೇಕು. ಮುಚ್ಚಳದ ಮೇಲಿನ ಅಕ್ಷರಗಳನ್ನು ಬೆಳಕಿಗೆ ಓರೆಯಾಗಿ ಹಿಡಿದು ಓದಬೇಕು. ಐ7-3770ರ ಮೇಲೆ ಎಸ್‌ಆರ್0ಪಿಕೆ ಎಂಬ ಸಂಕೇತ ಇರುತ್ತದೆ. ಹೆಸರಿನ ಬದಲು ಇಂಟೆಲ್ ಕಾನ್ಫಿಡೆನ್ಷಿಯಲ್ ಎಂದಿದ್ದು ಸಂಕೇತ ಕ್ಯೂ ಅಕ್ಷರದಿಂದ ಶುರುವಾಗಿದ್ದರೆ ಅದು ಪರೀಕ್ಷೆಗೆಂದು ಮಾಡಿದ ಮಾದರಿ, ಬೇಡವೆನ್ನುವುದು ಲೇಸು. ಎಎಂ4 ಪ್ರೊಸೆಸರಾದರೆ ಪಿನ್ನುಗಳು ಅದರ ಹೊಟ್ಟೆಯಲ್ಲೇ ಇರುತ್ತವೆ; ಕಣ್ಣಿನ ಮಟ್ಟಕ್ಕೆ ಹಿಡಿದು ಸಾಲುಗಳು ನೇರವಾಗಿವೆಯೇ ಎಂದು ನಾಲ್ಕೂ ಕಡೆಯಿಂದ ನೋಡಬೇಕು.

ಬಯೋಸ್ ಪರಿಷ್ಕರಣೆಯನ್ನು ಹಳೆಯ ಪ್ರೊಸೆಸರ್ ಇರುವಾಗಲೇ ಮುಗಿಸಬೇಕು, ಏಕೆಂದರೆ ಹಳೆಯ ಬಯೋಸ್ ಹೊಸ ಪ್ರೊಸೆಸರನ್ನು ಗುರುತಿಸದಿದ್ದರೆ ಪರಿಷ್ಕರಿಸಲು ಬೇಕಾದ ಪರದೆಯೇ ಬರುವುದಿಲ್ಲ. ಕೆಲವು ಹೊಸ ಬೋರ್ಡುಗಳಲ್ಲಿ ಮಾತ್ರ ಪ್ರೊಸೆಸರ್ ಇಲ್ಲದೆಯೇ ಪೆನ್ ಡ್ರೈವ್‌ನಿಂದ ಬಯೋಸ್ ಬರೆಯುವ ಗುಂಡಿ ಇರುತ್ತದೆ. ಬರೆಯುವ ಆ ಕೆಲವು ನಿಮಿಷ ಕರೆಂಟ್ ಹೋದರೆ ಬೋರ್ಡ್ ನಿರುಪಯೋಗಿಯಾಗಬಹುದಾದ್ದರಿಂದ ಬ್ಯಾಟರಿ ಚೆನ್ನಾಗಿರುವ ಯುಪಿಎಸ್ ಇರಲೇಬೇಕು.

ವಿಂಡೋಸ್‌ನಲ್ಲಿ ಡಿಸ್ಕನ್ನು ಗೂಢಲಿಪಿಯಿಂದ ಬೀಗ ಹಾಕುವ ಬಿಟ್‌ಲಾಕರ್ ಚಾಲನೆಯಲ್ಲಿದೆಯೇ ಎಂದು ನೋಡಿಕೊಳ್ಳುವುದೂ ಅಷ್ಟೇ ಅಗತ್ಯ. ಎಎಂ4 ಯಂತ್ರಗಳಲ್ಲಿ ಗೂಢಲಿಪಿಯ ಕೀಲಿಯನ್ನು ಕಾಯುವ ಟಿಪಿಎಂ ಬಹುಮಟ್ಟಿಗೆ ಪ್ರೊಸೆಸರಿನ ಫರ್ಮ್‌ವೇರಿನಲ್ಲೇ ಇರುತ್ತದೆ; ಅದಕ್ಕೆ ಎಫ್‌ಟಿಪಿಎಂ ಎನ್ನುತ್ತಾರೆ. ಪ್ರೊಸೆಸರ್ ಬದಲಾದ ಕೂಡಲೇ ಹಲವು ಬೋರ್ಡುಗಳು ಹೊಸ ಸಿಪಿಯು ಕಂಡಿದೆ, ಎಫ್‌ಟಿಪಿಎಂ ಅಳಿಸಲು ವೈ ಒತ್ತಿ, ಉಳಿಸಲು ಎನ್ ಒತ್ತಿ ಎಂಬ ಸಂದೇಶವನ್ನು ಕಪ್ಪು ಪರದೆಯ ಮೇಲೆ ತೋರಿಸುತ್ತವೆ. ರಿಕವರಿ ಕೀ ಬರೆದಿಟ್ಟುಕೊಳ್ಳದೆ ವೈ ಒತ್ತಿದರೆ ಡಿಸ್ಕಿನಲ್ಲಿರುವ ಎಲ್ಲವೂ ಬೀಗದೊಳಗೆ ಉಳಿಯುತ್ತದೆ. ಪ್ರೊಸೆಸರ್ ತೆಗೆಯುವ ಮುನ್ನವೇ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು, ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ಇಡಬೇಕು.

ಇನ್ನು ಕೈಕೆಲಸ. ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ ನಿಲ್ಲಿಸಿದರೆ ಒಣಗಿದ ಪೇಸ್ಟ್ ಸ್ವಲ್ಪ ಮೆತ್ತಗಾಗುತ್ತದೆ. ತಂತಿ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್‌ನ ಲೋಹವನ್ನು ಮುಟ್ಟಿ ಕೆಲಸ ಶುರು ಮಾಡಬೇಕು. ಎಎಂ4ರಲ್ಲಿ ಹೀಟ್‌ಸಿಂಕನ್ನು ನೇರವಾಗಿ ಮೇಲೆತ್ತಿದರೆ ಅಂಟಿಕೊಂಡ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ ಅಂಟು ಬಿಡಿಸಿದ ಮೇಲೆಯೇ ಎತ್ತಬೇಕು. ಇಂಟೆಲ್‌ನ ಸಾಕೆಟ್‌ನಲ್ಲಿ ಪ್ರೊಸೆಸರನ್ನು ಲೋಹದ ಚೌಕಟ್ಟು ಹಿಡಿದಿರುವುದರಿಂದ ಆ ಭಯವಿಲ್ಲ, ಆದರೆ ಪಿನ್ನುಗಳು ಬೋರ್ಡಿನಲ್ಲೇ ಇವೆ, ಅವು ಕೂದಲಿನಷ್ಟು ಸೂಕ್ಷ್ಮ. ಬೆರಳು, ಬಟ್ಟೆ ಯಾವುದೂ ಅವನ್ನು ಸೋಕಬಾರದು. ಪ್ರೊಸೆಸರಿನ ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್‌ನ ಗುರುತಿಗೆ ಹೊಂದಿಸಿ, ಅಂಚಿನ ಎರಡು ಕಚ್ಚುಗಳು ಕೂತವೆಂದು ನೋಡಿ, ಒತ್ತದೆ ಸುಮ್ಮನೆ ಇಳಿಸಬೇಕು. ಆ ನಂತರ ಸನ್ನೆ ಕೆಳಗಿಳಿಸುವಾಗ ಬಲ ಬೇಕಾಗುತ್ತದೆ, ಕರಕರ ಸದ್ದೂ ಕೇಳಬಹುದು; ಅದು ಸಹಜ. ನಡುವೆ ಬಟಾಣಿ ಕಾಳಿನಷ್ಟು ಪೇಸ್ಟ್ ಇಟ್ಟು ಹೀಟ್‌ಸಿಂಕಿನ ನಾಲ್ಕು ಪಿನ್ನುಗಳನ್ನು ಕರ್ಣರೇಖೆಯಲ್ಲಿ ಎದುರುಬದುರಾಗಿ ಒತ್ತಬೇಕು, ಫ್ಯಾನಿನ ತಂತಿಯನ್ನು ಸಿಪಿಯು ಫ್ಯಾನ್ ಎಂದು ಬರೆದಿರುವಲ್ಲಿಗೇ ಸಿಕ್ಕಿಸಬೇಕು. ಬೋರ್ಡ್ ಹತ್ತು ವರ್ಷ ದಾಟಿದ್ದರೆ ಅದರ ಸಿಆರ್2032 ಬ್ಯಾಟರಿಯನ್ನೂ ಇದೇ ಹೊತ್ತಿನಲ್ಲಿ ಬದಲಾಯಿಸುವುದು ಜಾಣತನ.

ಮೊದಲ ಬಾರಿ ಚಾಲೂ ಮಾಡಿದಾಗ, ಅದರಲ್ಲೂ ಎಎಂ4ರಲ್ಲಿ, ಮೆಮೊರಿಯನ್ನು ಹೊಂದಿಸಿಕೊಳ್ಳಲು ಪರದೆ ಬರುವುದು ತಡವಾಗಬಹುದು, ಯಂತ್ರ ಒಂದೆರಡು ಬಾರಿ ತಾನಾಗಿ ನಿಂತು ಶುರುವಾಗಬಹುದು. ತಾಳ್ಮೆಯಿಂದ ಕಾದ ಮೇಲೂ ಏನೂ ಕಾಣದಿದ್ದರೆ ಬ್ಯಾಟರಿ ತೆಗೆದು ಬಯೋಸ್ ಸೆಟ್ಟಿಂಗುಗಳನ್ನು ಅಳಿಸಿ, ಒಂದೇ ರ‍್ಯಾಮ್ ಪಟ್ಟಿಯೊಂದಿಗೆ ಪ್ರಯತ್ನಿಸಬೇಕು. ಚಾಲೂ ಆದರೆ ಬಯೋಸ್ ಒಳಗೆ ಹೋಗಿ ಪ್ರೊಸೆಸರಿನ ಹೆಸರು, ರ‍್ಯಾಮ್‌ನ ಒಟ್ಟು ಪ್ರಮಾಣ ಮತ್ತು ವೇಗ, ಫ್ಯಾನಿನ ಸುತ್ತು ಇವಿಷ್ಟನ್ನು ನೋಡಬೇಕು. ಬಳಿಕ ಅರ್ಧ ಗಂಟೆ ಭಾರದ ಕೆಲಸ ಕೊಟ್ಟು ಉಷ್ಣತೆ ಗಮನಿಸಬೇಕು. 80 ಡಿಗ್ರಿ ಸೆಲ್ಸಿಯಸ್‌ನೊಳಗೆ ನಿಂತರೆ ನಿಶ್ಚಿಂತೆ, 95 ದಾಟುತ್ತಿದ್ದರೆ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ ಅಥವಾ ಅದು ಆ ಪ್ರೊಸೆಸರಿಗೆ ಸಾಲದು. ಹಿಂದೆ 8 ಜಿಬಿ ತೋರಿಸುತ್ತಿದ್ದ ಯಂತ್ರ ಈಗ 4 ಜಿಬಿ ಮಾತ್ರ ತೋರಿಸಿದರೆ ರ‍್ಯಾಮ್ ಕೆಟ್ಟಿತೆಂದು ಹೊಸದು ತರಲು ಓಡಬೇಡಿ. ಮೆಮೊರಿಯ ನಿಯಂತ್ರಕ ಇರುವುದು ಪ್ರೊಸೆಸರಿನೊಳಗೆ. ಸಾಕೆಟ್‌ನ ಒಂದು ಪಿನ್ ಬಾಗಿದ್ದರೂ, ಪ್ರೊಸೆಸರಿನ ತಳದ ಸಂಪರ್ಕ ಬಿಂದುವಿನ ಮೇಲೆ ಪೇಸ್ಟ್ ತಾಗಿದ್ದರೂ, ಹೀಟ್‌ಸಿಂಕ್ ಒಂದು ಕಡೆಗೆ ಹೆಚ್ಚು ಬಿಗಿಯಾಗಿದ್ದರೂ ಒಂದು ಚಾನೆಲ್ ಪೂರ್ತಿ ಕಾಣೆಯಾಗುತ್ತದೆ. ಪ್ರೊಸೆಸರನ್ನು ಹೊರತೆಗೆದು, ತಳವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಮೊಬೈಲ್ ಟಾರ್ಚಿನ ಓರೆ ಬೆಳಕಿನಲ್ಲಿ ಪಿನ್ನುಗಳ ಸಾಲನ್ನು ನೋಡಿ, ಮತ್ತೆ ಕೂರಿಸಿದರೆ ಬಹಳಷ್ಟು ಸಲ ಅದು ಹಿಂತಿರುಗಿ ಬರುತ್ತದೆ.